ಲಿಫ್ಟು ಹತ್ತದವರ ಸಂಶೋಧನೆ

ವಸತಿ ಮಂಡಳಿಯ ಕಚೇರಿಯಲ್ಲಿ ಬಂದ ಕಾಗದಕ್ಕೆ ಮೊಹರು ಒತ್ತುತ್ತ, ಹೋಗುವ ಕಾಗದಕ್ಕೆ ಅಂಟು ಹಚ್ಚುತ್ತ ಅರ್ಧ ಆಯುಷ್ಯ ಕಳೆದಿದ್ದ ಗುಮಾಸ್ತನೊಬ್ಬನಿದ್ದ. ಟಪಾಲು ನೋಡಿಕೊಳ್ಳುತ್ತಿದ್ದುದರಿಂದ ಎಲ್ಲರೂ ಅವನನ್ನು ಟಪಾಲಪ್ಪ ಎನ್ನುತ್ತಿದ್ದರು. ಮನುಷ್ಯ ಒಳ್ಳೆಯವನು, ಆದರೆ ಹೆದರುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಸಾಹೇಬರ ಕೋಣೆಯ ಗಂಟೆ ಬಾರಿಸಿದರೆ ಹೆದರುತ್ತಿದ್ದ. ಬಹಳ ಹೊತ್ತು ಬಾರಿಸದಿದ್ದರೆ ಇನ್ನೂ ಹೆದರುತ್ತಿದ್ದ. ಫೋನಿನಲ್ಲಿ ಗೊತ್ತಿಲ್ಲದ ನಂಬರು ಕಂಡರೆ ಅದನ್ನು ಹೆಂಡತಿಯ ಕೈಗೆ ತುರುಕಿ ತಾನು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಕುಕ್ಕರು ಕೂಗಿದರೆ ಪಕ್ಕದ ಕೋಣೆಗೆ ಹೋಗುತ್ತಿದ್ದ. ಇಷ್ಟೆಲ್ಲ ಭಯಗಳ ನಡುವೆ ಅವನು ಕಚೇರಿಗೆ ಹೋಗಿ ಬರುತ್ತಿದ್ದುದೇ ಒಂದು ಸಾಹಸ ಎಂದು ಹೇಳಬೇಕು.

ಒಂದು ದಿನ ಗಂಟೆ ಬಾರಿಸಿತು. ಟಪಾಲಪ್ಪ ಅಂಗಿಯ ಗುಂಡಿಗಳನ್ನೆಲ್ಲ ಒಮ್ಮೆ ಮುಟ್ಟಿ ನೋಡಿಕೊಂಡು ಒಳಗೆ ಹೋದ.

"ನೀವಿರೋದು ಹೊಸ ಲಿಫ್ಟು ಹಾಕಿಸಿದ ಕಟ್ಟಡದಲ್ಲೇ ಅಲ್ವಾ?" ಎಂದರು ಸಾಹೇಬರು.

ಹೌದೆಂದರೆ ಏನಾಗುತ್ತದೋ, ಅಲ್ಲವೆಂದರೆ ಏನಾಗುತ್ತದೋ ತಿಳಿಯದೆ ಟಪಾಲಪ್ಪ ಎರಡೂ ಅಲ್ಲದ ಒಂದು ಶಬ್ದ ಹೊರಡಿಸಿದ.

"ಸಮೀಕ್ಷೆ ಮಾಡಿಸಿದ್ವಿ. ಲಿಫ್ಟು ಹೇಗಿದೆ ಅಂದ್ರೆ ಪ್ರತಿಯೊಬ್ಬರೂ 'ತುಂಬಾ ಚೆನ್ನಾಗಿದೆ' ಅಂತ ಗುರುತು ಹಾಕಿದ್ದಾರೆ. ಆದರೆ ಒಂದು ನರಪಿಳ್ಳೆನೂ ಹತ್ತೋದಿಲ್ಲ. ಎಲ್ಲರೂ ಮೆಟ್ಟಿಲು. ಯಾಕೆ?"

"ಯಾಕೆ ಸಾರ್?" ಎಂದ ಟಪಾಲಪ್ಪ.

"ಅದನ್ನೇ ನೀವು ಕಂಡುಹಿಡೀಬೇಕು. ಎಷ್ಟು ಜನ ಅನ್ನೋ ಲೆಕ್ಕ ನನಗೆ ಬೇಡ, ಯಾಕೆ ಅನ್ನೋದು ಬೇಕು. ಗುಣಾತ್ಮಕ ಸಂಶೋಧನೆ ಅಂತ ಅದಕ್ಕೆ. ತರಬೇತಿ ನಡೀತಿದೆ, ಹೋಗಿ ಕಲಿತು ಬನ್ನಿ. ತಿಂಗಳ ಕೊನೆಗೆ ನಾನೇ ನಿಮ್ಮ ಕಟ್ಟಡಕ್ಕೆ ಬಂದು ಕೇಳ್ತೀನಿ. ಕಾರಣ ಸಿಗಲಿಲ್ಲ ಅಂದ್ರೆ ಲಿಫ್ಟು ಬಿಚ್ಚಿ ಊರಾಚೆ ಕಟ್ಟಡಕ್ಕೆ ಹಾಕಿಸ್ತೀನಿ. ಅಲ್ಲಿ ನೋಡ್ಕೊಳ್ಳೋಕೆ ಒಬ್ಬ ಗುಮಾಸ್ತನೂ ಬೇಕಾಗ್ತಾನೆ."

ಕೊನೆಯ ಮಾತು ಹೇಳುವಾಗ ಸಾಹೇಬರು ಅವನ ಮುಖ ನೋಡಲಿಲ್ಲ. ಅದರಿಂದಲೇ ಆ ಗುಮಾಸ್ತ ಯಾರೆಂದು ಟಪಾಲಪ್ಪನಿಗೆ ತಿಳಿಯಿತು.

ತರಬೇತಿ ಕೊಡುತ್ತಿದ್ದ ಮೇಡಂ ಮೆಲುದನಿಯವರು. ಯಾರನ್ನೂ ಗದರುತ್ತಿರಲಿಲ್ಲ, ಹಾಗಾಗಿ ಯಾವಾಗ ಗದರುತ್ತಾರೋ ಎಂದು ಟಪಾಲಪ್ಪ ಮೊದಲ ದಿನವೆಲ್ಲ ಕಾದ. "ಎಷ್ಟು ಜನ ಅಳ್ತಾರೆ ಅಂತ ಎಣಿಸಬಹುದು," ಎಂದರು ಮೇಡಂ. "ಯಾಕೆ ಅಳ್ತಾರೆ ಅನ್ನೋದನ್ನ ಎಣಿಸೋಕಾಗಲ್ಲ. ಪಕ್ಕದಲ್ಲಿ ಕೂತು ಕೇಳ್ಬೇಕು." ಆಮೇಲೆ ಕೇಳುವ ಬಗೆ ಹೇಳಿಕೊಟ್ಟರು. ಹೌದು, ಇಲ್ಲ ಎಂದು ಮುಗಿಸಿಬಿಡಬಹುದಾದ ಪ್ರಶ್ನೆ ಕೇಳಬಾರದು. 'ಹೇಗೆ', 'ಏನನ್ನಿಸಿತು' ಎಂದು ಕೇಳಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಎದುರಿನವರು ಸುಮ್ಮನಾದರೂ ನಾವು ಸುಮ್ಮನಿರಬೇಕು, ಮೆಲ್ಲಗೆ ತಲೆಯಾಡಿಸಬೇಕು; ಮೌನ ತುಂಬಲಾಗದೆ ಅವರೇ ಮಾತಾಡುತ್ತಾರೆ. ಮೊದಲೇ ಒಪ್ಪಿಗೆ ಪಡೆಯಬೇಕು, ಹೇಳಿದ್ದನ್ನು ಗುಟ್ಟಾಗಿಡಬೇಕು. ಯಾರನ್ನು ಕೇಳಿದರೂ ಅದೇ ಮಾತು ಮತ್ತೆ ಮತ್ತೆ ಬರತೊಡಗಿದರೆ ಸಾಕು ಎಂದು ನಿಲ್ಲಿಸಬೇಕು.

ಟಪಾಲಪ್ಪನಿಗೆ ಇದೆಲ್ಲ ಹಿಡಿಸಿಬಿಟ್ಟಿತು. ಬಾಯಿ ಮುಚ್ಚಿಕೊಂಡು ತಲೆಯಾಡಿಸುವುದು ಅವನು ಕಚೇರಿಯಲ್ಲಿ ಮೊದಲಿನಿಂದಲೂ ಮಾಡಿಕೊಂಡು ಬಂದ ಕೆಲಸ. ಅದಕ್ಕೆ ಸಂಶೋಧನೆ ಎಂಬ ಹೆಸರಿದೆ ಎಂಬುದಷ್ಟೇ ಗೊತ್ತಿರಲಿಲ್ಲ. ಕೊನೆಯ ದಿನ ಮಾತ್ರ ಒಬ್ಬೊಬ್ಬರೂ ಎದ್ದು ನಿಂತು ಮಾತಾಡಬೇಕು ಎಂದದ್ದರಿಂದ ಹಲ್ಲುನೋವೆಂದು ಹೇಳಿ ಮನೆಯಲ್ಲೇ ಉಳಿದ. ಮಂಡಳಿಯವರು ಕೊಟ್ಟ ಒಂದು ಸಣ್ಣ ರೆಕಾರ್ಡರು ಅವನ ಜೇಬಿಗೆ ಬಂತು. ಗುಂಡಿ ಒತ್ತಿದರೆ ಅದರ ಮೂಗಿನ ತುದಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅದನ್ನು ಕಂಡರೂ ಅವನಿಗೆ ಸ್ವಲ್ಪ ಹೆದರಿಕೆಯೇ.

ಮೊದಲ ಅಭ್ಯಾಸ ಹೆಂಡತಿಯ ಮೇಲೆ ಆಯಿತು. ಅವಳು ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಟಪಾಲಪ್ಪ ಎದುರಿಗೆ ಕುರ್ಚಿ ಎಳೆದುಕೊಂಡು ರೆಕಾರ್ಡರನ್ನು ಮಡಚಿದ ಬಟ್ಟೆಯ ಮೇಲಿಟ್ಟ.

"ನೀನು ಹೇಳೋದನ್ನ ನಾನು ಯಾರಿಗೂ ಹೇಳಲ್ಲ. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ನಿಲ್ಲಿಸಬಹುದು. ಈಗ ಹೇಳು, ಈ ಮನೆಗೆ ಬಂದಾಗಿನಿಂದ ನಿನಗೆ ಏನನ್ನಿಸ್ತಿದೆ?"

ಹೆಂಡತಿಯ ಕೈಯಲ್ಲಿದ್ದ ದುಪ್ಪಟಿ ಅರ್ಧಕ್ಕೇ ನಿಂತಿತು. ಮದುವೆಯಾದಂದಿನಿಂದ ಇಂದಿನವರೆಗೆ ಈ ಮನುಷ್ಯ ತನಗೆ ಏನನ್ನಿಸುತ್ತಿದೆ ಎಂದು ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

"ರೀ, ಏನಾಯ್ತು?" ಎಂದಳು.

ಟಪಾಲಪ್ಪ ಮೆಲ್ಲಗೆ ತಲೆಯಾಡಿಸಿದ.

"ಡಾಕ್ಟ್ರು ಏನಾದ್ರೂ ಅಂದ್ರಾ?"

ಟಪಾಲಪ್ಪ ಇನ್ನೂ ಮೆಲ್ಲಗೆ ತಲೆಯಾಡಿಸಿದ. ಉತ್ತರವನ್ನು ಎದುರಿನವರ ಬಾಯಿಗೆ ತುರುಕಬಾರದೆಂದು ಮೇಡಂ ಹೇಳಿದ್ದರು.

ಹೆಂಡತಿಯ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಅಣ್ಣನಿಗೆ ಫೋನು ಮಾಡಿದಳು. ಆ ಅಣ್ಣ ಶವಪೆಟ್ಟಿಗೆಯಿಂದ ಹಿಡಿದು ಸೋಫಾದವರೆಗೆ ಏನು ಬೇಕಾದರೂ ಮಾಡಿಕೊಡುವ ಬಡಗಿ. ಕೈಗೆ ಹತ್ತಿದ್ದ ಮರದ ಪುಡಿಯನ್ನೂ ಒರೆಸಿಕೊಳ್ಳದೆ ಓಡಿ ಬಂದು, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ತಂಗಿಯ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಸುಬಿನ ಚಾಳಿಯಿಂದಲೋ ಏನೋ, ಅವನ ನೋಟ ಉದ್ದಗಲ ಅಳೆದಂತಿತ್ತು.

"ಭಾವ, ಮುಚ್ಚಿಡಬೇಡಿ. ಏನು ಕಾಯಿಲೆ?" ಎಂದ ಬಡಗಿ.

"ಕಾಯಿಲೆ ಅಲ್ಲ ಮಾರಾಯ. ಗುಣಾತ್ಮಕ ಸಂಶೋಧನೆ."

"ಗುಣ ಆಗುತ್ತಾ ಇಲ್ವಾ ಅಂತ ನೋಡೋ ಸಂಶೋಧನೆನಾ?"

ಅದು ಹಾಗಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಡಗಿ ಪೂರ್ತಿ ನಂಬಲಿಲ್ಲ. ಹೋಗುವಾಗ ತಂಗಿಯನ್ನು ಬಾಗಿಲ ಬಳಿ ಕರೆದು, ಏನಾದರೂ ಆದರೆ ಮೊದಲು ತನಗೇ ತಿಳಿಸಬೇಕು, ಹೊರಗಿನವರಿಗೆ ಕೆಲಸ ಕೊಡಬಾರದು ಎಂದು ಪಿಸುಗುಟ್ಟಿದ್ದು ಟಪಾಲಪ್ಪನ ಕಿವಿಗೂ ಬಿತ್ತು.

ಮಾರನೆಯ ಬೆಳಿಗ್ಗೆ ಅವನು ಕೆಳಗಿನ ಅಂತಸ್ತಿನ ದರ್ಜಿಯ ಬಳಿ ಹೋದ. ದರ್ಜಿಯ ಅಂಗಡಿ ಲಿಫ್ಟಿನ ಬಾಗಿಲಿಗೆ ಸರಿಯಾಗಿ ಎದುರು. ಹೊಲಿಗೆ ಯಂತ್ರದ ಹಿಂದೆ ಕೂತರೆ ಯಾರು ಬಂದರು, ಯಾರು ಹೋದರು ಎಂಬುದೆಲ್ಲ ಅವನಿಗೆ ಕಾಣುತ್ತಿತ್ತು. ಟಪಾಲಪ್ಪ ಸ್ಟೂಲಿನ ಮೇಲೆ ಕೂತು, ಕೆಂಪು ದೀಪ ಹೊತ್ತಿಸಿ, ಗಂಟಲು ಸರಿಮಾಡಿಕೊಂಡ.

"ನೋಡಿ, ವಸತಿ ಮಂಡಳಿಯಿಂದ ಗುಣಾತ್ಮಕ ಸಂಶೋಧನೆ ನಡೀತಿದೆ. ನೀವು ಹೇಳಿದ್ದು ಗುಟ್ಟಾಗಿರುತ್ತೆ."

ದರ್ಜಿಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. "ಯಾರ ಗುಣ ಸಾರ್?"

ಟಪಾಲಪ್ಪ ತಲೆಯಾಡಿಸಿದ.

"ನನ್ನ ಗುಣಾನಾ?"

ಟಪಾಲಪ್ಪ ಸುಮ್ಮನಿದ್ದ. ದರ್ಜಿ ಕೆಂಪು ದೀಪ ನೋಡಿದ, ಟಪಾಲಪ್ಪನನ್ನು ನೋಡಿದ, ಮತ್ತೆ ದೀಪ ನೋಡಿದ. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ.

"ಉಳಿದ ಬಟ್ಟೆ ಚೂರು ನಾನು ಮಾರಿಕೊಳ್ಳೋದಿಲ್ಲ ಸಾರ್. ಮಕ್ಕಳಿಗೆ ಚಡ್ಡಿ ಹೊಲಿದಿದ್ದೀನಿ ಅಷ್ಟೆ."

ಟಪಾಲಪ್ಪನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಾಗ ಎದುರಿನವರ ಕೊನೆಯ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿ ಎಂದಿದ್ದರು ಮೇಡಂ.

"ಅಷ್ಟೆ..." ಎಂದ.

ದರ್ಜಿಯ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. "ಸರಿ ಸಾರ್, ಹೇಳಿಬಿಡ್ತೀನಿ. ಮೆಟ್ಟಿಲ ದೀಪದಿಂದ ಒಂದು ವೈರು ಎಳ್ಕೊಂಡಿದ್ದೀನಿ. ಇಸ್ತ್ರಿಪೆಟ್ಟಿಗೆಗೆ. ನಾಳೆನೇ ಕಿತ್ತು ಹಾಕ್ತೀನಿ. ಎರಡನೇ ಅಂತಸ್ತಿನವರೂ ಹಾಗೇ ಎಳ್ಕೊಂಡಿದ್ದಾರೆ, ಅದನ್ನೂ ಬರ್ಕೊಳ್ಳಿ."

ಟಪಾಲಪ್ಪ ಹೊರಗೆ ಬಂದ. ಲಿಫ್ಟಿನ ವಿಷಯ ಎತ್ತುವುದಕ್ಕೇ ಆಗಿರಲಿಲ್ಲ, ಅಷ್ಟರಲ್ಲೇ ಒಬ್ಬನ ಗುಟ್ಟು ತನ್ನ ಜೇಬಿನಲ್ಲಿ ಬಂದು ಕೂತಿತ್ತು. ಬೇರೆಯವರ ಗುಟ್ಟು ಜೇಬಿನಲ್ಲಿಟ್ಟುಕೊಂಡು ತಿರುಗುವ ಧೈರ್ಯ ಅವನಿಗೆಲ್ಲಿತ್ತು? ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಮೆಟ್ಟಿಲು ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲ ಅಂತಸ್ತುಗಳನ್ನೂ ಏರಿತ್ತು. ವಸತಿ ಮಂಡಳಿಯವರು ಬಾಡಿಗೆದಾರರ ಗುಣ ಪರೀಕ್ಷೆ ಮಾಡಿಸುತ್ತಿದ್ದಾರಂತೆ. ಗುಣ ಸರಿಯಿಲ್ಲದವರನ್ನು ಮನೆ ಖಾಲಿ ಮಾಡಿಸುತ್ತಾರಂತೆ. ಟಪಾಲಪ್ಪ ಇಷ್ಟು ವರ್ಷ ಹೆದರುವವನ ಹಾಗೆ ನಟಿಸುತ್ತಿದ್ದುದೂ ಇದಕ್ಕಾಗಿಯೇ ಇರಬೇಕು. ಈ ಕೊನೆಯ ಮಾತು ಅವನ ಹೆಂಡತಿಯ ಕಿವಿಗೆ ಬಿದ್ದಾಗ, ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಸುದ್ದಿ ಹರಡಿದ್ದು ತಿಳಿಯದ ಒಬ್ಬನೇ ಒಬ್ಬನೆಂದರೆ ಟಪಾಲಪ್ಪ. ಅವನಿಗೆ ಕಂಡದ್ದಿಷ್ಟೇ: ಕಟ್ಟಡ ಬದಲಾಗಿಬಿಟ್ಟಿತ್ತು. ದಿನಾ ಪಾತ್ರೆ ಎಸೆದಾಡುತ್ತಿದ್ದ ಎರಡನೇ ಅಂತಸ್ತಿನ ಗಂಡ ಹೆಂಡಿರು ಈಗ ಬಾಗಿಲು ತೆರೆದಿಟ್ಟುಕೊಂಡು, 'ತಾವು ಊಟ ಮಾಡಿದಿರಾ', 'ತಮ್ಮದಾಯಿತೇ' ಎಂದು ಗಟ್ಟಿಯಾಗಿ ವಿಚಾರಿಸಿಕೊಳ್ಳುತ್ತಿದ್ದರು. ಟಪಾಲಪ್ಪ ಮೆಟ್ಟಿಲು ಹತ್ತುವುದು ಕೇಳಿಸಿದರೆ ಪ್ರತಿ ಅಂತಸ್ತಿನಲ್ಲೂ ಯಾರೋ ಒಬ್ಬರು ಪೊರಕೆ ಹಿಡಿದು ಬೇರೆಯವರ ಮನೆಮುಂದೆ ಗುಡಿಸುತ್ತಿರುತ್ತಿದ್ದರು. ಯಾರೂ ಅವನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಅವನು ಹೋದ ಮೇಲೆ ಪಿಸುಮಾತು, ತಿರುಗಿ ನೋಡಿದರೆ ಮೌನ. ಇವರೆಲ್ಲ ಸೇರಿ ತನ್ನ ವಿರುದ್ಧ ಏನೋ ಹೂಡುತ್ತಿದ್ದಾರೆ, ಸಾಹೇಬರಿಗೆ ದೂರು ಹೋಗಿದೆ ಎಂದೇ ಅವನು ತೀರ್ಮಾನಿಸಿದ. ಹೀಗೆ ಕಟ್ಟಡದವರು ಅವನಿಗೆ ಹೆದರಿ, ಅವನು ಕಟ್ಟಡದವರಿಗೆ ಹೆದರಿ, ಎರಡು ಕಡೆಯೂ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.

ಮಾತಾಡಿಸುವುದು ಆಗದಿದ್ದರೆ ಗಮನಿಸಿ, ಅದೂ ಒಂದು ವಿಧಾನ ಎಂದು ಮೇಡಂ ಹೇಳಿದ್ದರು. ಟಪಾಲಪ್ಪ ಸಂಜೆ ಹೊತ್ತು ಮನೆಯಿಂದ ಒಂದು ಕುರ್ಚಿ ತಂದು ಲಿಫ್ಟಿನ ಪಕ್ಕ ಕೂತ. ಗಮನಿಸುವವರು ಕಣ್ಣಿಗೆ ಬೀಳಬಾರದು ಎಂದಿದ್ದರಿಂದ ಮುಖಕ್ಕೆ ದಿನಪತ್ರಿಕೆ ಅಡ್ಡ ಹಿಡಿದ. ಮೆಟ್ಟಿಲ ಬಳಿ ಬಂದ ಹೆಂಗಸರು ಪತ್ರಿಕೆಯ ಮೇಲಿಂದ ಎರಡು ಕಣ್ಣು ಇಣುಕುತ್ತಿರುವುದು ಕಂಡು ಹೆದರಿ ಸೆರಗು ಸರಿಮಾಡಿಕೊಂಡು ಓಡಿದರು. ಕೈಯಲ್ಲಿ ಭಾರದ ಚೀಲ ಹಿಡಿದು ಬಂದ ಮುದುಕರೊಬ್ಬರು ಲಿಫ್ಟಿನ ಗುಂಡಿಯತ್ತ ಬೆರಳು ಚಾಚಿದರು. ಟಪಾಲಪ್ಪ ಆಸೆಯಿಂದ ಮುಂದೆ ಬಾಗಿದ. ಮುದುಕರು ಅವನನ್ನು ನೋಡಿ ಬೆರಳು ಮಡಚಿ, "ಇಲ್ಲ ಇಲ್ಲ, ಸುಮ್ಮನೆ ಧೂಳು ಇದೆಯೇನೋ ಅಂತ ನೋಡಿದೆ," ಎಂದು ಚೀಲ ಹೊತ್ತು ಮೆಟ್ಟಿಲು ಹಿಡಿದರು. ಮೂರನೇ ಅಂತಸ್ತಿನವರೆಗೂ ಅವರ ಕೆಮ್ಮು ಕೇಳಿಸುತ್ತಿತ್ತು.

ಸಾಹೇಬರು ಬರುವ ದಿನ ಹತ್ತಿರವಾಯಿತು. ಟಪಾಲಪ್ಪನ ಕೈಯಲ್ಲಿ ಇದ್ದದ್ದು ಒಂದು ಇಸ್ತ್ರಿಪೆಟ್ಟಿಗೆಯ ಗುಟ್ಟು ಮಾತ್ರ. ಪ್ರಾಣ ಕೈಯಲ್ಲಿ ಹಿಡಿದುಕೊಂಡು ಕೊನೆಯ ಅಸ್ತ್ರ ತೆಗೆದ: ಗುಂಪು ಚರ್ಚೆ. ಎಲ್ಲರನ್ನೂ ಒಂದೆಡೆ ಕೂರಿಸಿ ಮಾತಾಡಿಸುವುದು. ಕೂರುವುದೆಲ್ಲಿ ಎಂಬ ಪ್ರಶ್ನೆ ಬಂದಾಗ, ಕಟ್ಟಡದ ತುತ್ತತುದಿಯಲ್ಲಿದ್ದ ಹೆಡ್‌ಮಿಸ್ಸು ತಮ್ಮ ಮನೆಯಲ್ಲೇ ಆಗಲಿ ಎಂದು ಹೇಳಿ ಕಳಿಸಿದರು.

ಹೆಡ್‌ಮಿಸ್ಸು ಎಂದರೆ ನಿವೃತ್ತರಾದ ಶಾಲೆಯ ಮುಖ್ಯೋಪಾಧ್ಯಾಯಿನಿ. ಎರಡು ಮಂಡಿಗೂ ಶಸ್ತ್ರಚಿಕಿತ್ಸೆಯಾದ ಮೇಲೆ ಮೆಟ್ಟಿಲು ಇಳಿಯಲಾಗದೆ ಮನೆಯಲ್ಲೇ ಉಳಿದಿದ್ದರು. ದಿನಸಿ ಬೇಕಾದರೆ ಕಿಟಕಿಯಿಂದ ಹಗ್ಗ ಕಟ್ಟಿದ ಬಕೆಟ್ಟು ಇಳಿಸುತ್ತಿದ್ದರು. ಆ ಬಕೆಟ್ಟು ಬೀದಿಗೆ ಇಳಿದು ಅಂಗಡಿ ಮುಂದೆ ತೂಗಾಡುವುದನ್ನು ಬೀದಿಯವರೆಲ್ಲ ಎಷ್ಟು ದಿನದಿಂದ ನೋಡುತ್ತಿದ್ದರೆಂದರೆ, ಅದಕ್ಕೆ ದಾರಿ ಬಿಟ್ಟೇ ನಡೆಯುತ್ತಿದ್ದರು. ಲಿಫ್ಟು ಹಾಕಿದ್ದು ಮುಖ್ಯವಾಗಿ ಅವರಿಗಾಗಿಯೇ ಎಂದು ಮಂಡಳಿಯವರು ಉದ್ಘಾಟನೆಯ ದಿನ ಭಾಷಣ ಮಾಡಿದ್ದರು. ಆ ಭಾಷಣ ಅವರಿಗೆ ಐದನೇ ಅಂತಸ್ತಿನ ಕಿಟಕಿಯಿಂದ ಅರ್ಧ ಕೇಳಿಸಿತ್ತು.

ಚರ್ಚೆಗೆ ಎಲ್ಲರೂ ಬಂದರು. ಬರದಿದ್ದರೆ ಗುಣ ಕೆಟ್ಟದೆಂದು ಬರೆದುಕೊಂಡಾರು ಎಂಬ ಹೆದರಿಕೆ. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲಿ ಯಾರಿಗೂ ಮಾತು ಹೊರಡುತ್ತಿರಲಿಲ್ಲ. ಬಡಗಿಯೂ ತಂಗಿಯ ಪಕ್ಕ ಬಂದು ಕೂತಿದ್ದ. ಟಪಾಲಪ್ಪ ನಡುವೆ ನಿಂತು, ಒಪ್ಪಿಗೆಯ ಮಾತುಗಳನ್ನೆಲ್ಲ ಒಪ್ಪಿಸಿ, "ಲಿಫ್ಟಿನ ಬಗ್ಗೆ ನಿಮಗೆಲ್ಲ ಏನನ್ನಿಸುತ್ತೆ?" ಎಂದು ಕೇಳಿ ಸುಮ್ಮನಾದ.

"ತುಂಬಾ ಚೆನ್ನಾಗಿದೆ," ಎಂದರು ಎಲ್ಲರೂ ಒಟ್ಟಿಗೆ.

ಟಪಾಲಪ್ಪ ತಲೆಯಾಡಿಸಿದ. ಯಾರೂ ಮಾತಾಡಲಿಲ್ಲ. ಅವನೂ ಮಾತಾಡಲಿಲ್ಲ. ಒಬ್ಬರ ಹೊಟ್ಟೆ ಗುಡುಗುಟ್ಟಿದ್ದು ಎಲ್ಲರಿಗೂ ಕೇಳಿಸಿ, ಆ ಹೊಟ್ಟೆಯವರು ತಲೆ ತಗ್ಗಿಸಿದರು. ಎರಡನೇ ಅಂತಸ್ತಿನ ಗಂಡ ಬೆವರೊರೆಸಿಕೊಂಡ. ದರ್ಜಿ ಮೇಲುಸಿರು ಬಿಡುತ್ತ ಚಾವಣಿ ನೋಡಿದ. ಎಲ್ಲರಿಗಿಂತ ಹೆಚ್ಚು ಹೆದರಿದ್ದವನು ಟಪಾಲಪ್ಪನೇ. ಆದರೆ ಅದು ವಿಧಾನದಂತೆ ಕಾಣುತ್ತಿತ್ತು.

"ಎಲ್ಲರೂ ಯಾಕಪ್ಪಾ ಪರೀಕ್ಷೆಗೆ ಓದದೆ ಬಂದವರ ಹಾಗೆ ಕೂತಿದ್ದೀರಿ?" ಎಂದರು ಹೆಡ್‌ಮಿಸ್ಸು ತಮ್ಮ ಆರಾಮಕುರ್ಚಿಯಿಂದ. "ನಾನೇ ಹೇಳ್ತೀನಿ. ನನಗೆ ಲಿಫ್ಟು ಹತ್ತೋಕೆ ಭಯ."

"ಲಿಫ್ಟು ಹೊಸದು, ಗಟ್ಟಿಯಾಗಿದೆ ಮೇಡಂ," ಎಂದ ಟಪಾಲಪ್ಪ, ವಿಧಾನ ಮರೆತು.

"ಗಟ್ಟಿಯಾಗಿದ್ರೆ ನೀನ್ಯಾಕಪ್ಪಾ ಹತ್ತಲ್ಲ?"

ಎಲ್ಲರೂ ಟಪಾಲಪ್ಪನತ್ತ ತಿರುಗಿದರು.

"ನನಗೆ... ಡಾಕ್ಟ್ರು ಮೆಟ್ಟಿಲು ಹತ್ತೋಕೆ ಹೇಳಿದ್ದಾರೆ. ವ್ಯಾಯಾಮ."

ದರ್ಜಿಗೆ ತಡೆಯಲಾಗಲಿಲ್ಲ. "ಕ್ಷಮಿಸಿ ಸಾರ್, ಗುಣದಲ್ಲಿ ಬರ್ಕೊಂಡ್ರೂ ಪರವಾಗಿಲ್ಲ. ನೀವು ಮೂಲೆ ಅಂಗಡಿಗೆ ಬೆಂಕಿಪೆಟ್ಟಿಗೆ ತರೋಕೂ ಸ್ಕೂಟರಲ್ಲಿ ಹೋಗ್ತೀರಿ. ನಾನು ಎದುರಿಗೇ ಕೂತಿರ್ತೀನಲ್ಲ, ಲಿಫ್ಟು ಹಾಕಿದ ದಿನದಿಂದ ನೋಡ್ತಿದ್ದೀನಿ. ಒಂದು ದಿನಕ್ಕೂ ನೀವು ಒಳಗೆ ಕಾಲಿಟ್ಟಿಲ್ಲ. ವಸತಿ ಮಂಡಳಿಯವರೇ ಹತ್ತಲ್ಲ ಅಂದ್ರೆ ಒಳಗಿನ ವಿಷಯ ಏನೋ ಗೊತ್ತಿರಬೇಕು ಅಂತ ನಾನು ಹತ್ತಲಿಲ್ಲ. ಬಂದವರಿಗೂ ಹೇಳಿದೆ."

"ನನಗೂ ಇವರೇ ಹೇಳಿದ್ದು," ಎಂದ ಎರಡನೇ ಅಂತಸ್ತಿನ ಗಂಡ.

"ನಿಮಗೊಬ್ಬರಿಗೇನಲ್ಲ, ನನಗೂ," ಎಂದಳು ಅವನ ಹೆಂಡತಿ, ತಾವು ಎನ್ನುವುದನ್ನು ಮರೆತು. "ಹಗ್ಗದಲ್ಲಿ ಏನೋ ದೋಷ ಅಂತ."

"ನನಗೂ," "ನನಗೂ," ಎಂದು ಕೋಣೆಯ ಸುತ್ತ ಅದೇ ಮಾತು ತಿರುಗಿತು. ಹೊಸದೇನೂ ಬರಲಿಲ್ಲ. ಸಂಶೋಧನೆ ಅಲ್ಲಿಗೆ ಮುಗಿಯಿತು ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಹುಡುಕುವವನು ತಾನು ಹುಡುಕುವ ಸಂಗತಿಯೊಳಗೆ ಎಲ್ಲಿ ನಿಂತಿದ್ದೇನೆ ಎಂದು ಮೊದಲು ನೋಡಿಕೊಳ್ಳಬೇಕು; ಇದನ್ನು ತರಬೇತಿಯಲ್ಲಿ ಕೊನೆಯ ದಿನ ಹೇಳಿಕೊಟ್ಟಿದ್ದರು. ಕೊನೆಯ ದಿನ ಟಪಾಲಪ್ಪನಿಗೆ ಹಲ್ಲುನೋವು.

"ನಿಜ ಹೇಳಪ್ಪಾ," ಎಂದರು ಹೆಡ್‌ಮಿಸ್ಸು, ದನಿ ತಗ್ಗಿಸಿ. "ಅದರಲ್ಲಿ ಏನು ದೋಷ ಇದೆ?"

"ಏನೂ ಇಲ್ಲ ಮೇಡಂ," ಎಂದ ಟಪಾಲಪ್ಪ. ಅವನ ಮುಖ ಇಷ್ಟು ಸಣ್ಣದಾಗಿತ್ತು. "ಬಾಗಿಲು ಮುಚ್ಚಿಕೊಳ್ಳುತ್ತಲ್ಲ, ಅದಕ್ಕೇ ನನಗೆ ಹೆದರಿಕೆ. ಅಷ್ಟೇ."

ಯಾರೂ ನಗಲಿಲ್ಲ. ನಗಬೇಕಾದ ಮಾತು ಎಂದು ಅವರಿಗೆ ಆಗ ತೋಚಲೇ ಇಲ್ಲ. ಇಷ್ಟು ದಿನ ಈ ಸಣ್ಣ ಹೆದರಿಕೆಯೊಂದಕ್ಕಾಗಿ ಇಡೀ ಕಟ್ಟಡ ಸಾಮಾನು ಹೊತ್ತು ಮೆಟ್ಟಿಲು ಹತ್ತಿತ್ತು. ಎಲ್ಲರ ಕಣ್ಣೂ ಕಿಟಕಿಯ ಬಳಿಯ ಬಕೆಟ್ಟಿನ ಮೇಲೆ ಹೋಯಿತು. ಹೆಡ್‌ಮಿಸ್ಸು ಮಾತ್ರ ಅದನ್ನು ನೋಡದೆ ತಮ್ಮ ಮಂಡಿಗಳನ್ನು ನೋಡಿಕೊಂಡರು.

ಸಾಹೇಬರು ಹೇಳಿದ ದಿನ ಹೇಳಿದ ಹೊತ್ತಿಗೆ ಬಂದರು. ಜೊತೆಗೆ ಲಿಫ್ಟು ಬಿಚ್ಚುವವನೊಬ್ಬ, ಕೈಯಲ್ಲಿ ಸ್ಪ್ಯಾನರು ಹಿಡಿದು. ಕಟ್ಟಡದವರೆಲ್ಲ ಕೆಳಗೆ ಗುಂಪಾಗಿ ನಿಂತಿದ್ದರು. ಮನೆ ಖಾಲಿ ಮಾಡಿಸುವ ಆಜ್ಞೆ ಇವತ್ತೇ ಬರುತ್ತದೋ ಏನೋ ಎಂಬ ಸಂಶಯ ಕೆಲವರಿಗೆ ಇನ್ನೂ ಹೋಗಿರಲಿಲ್ಲ.

"ಕಾರಣ ಸಿಕ್ತಾ?" ಎಂದರು ಸಾಹೇಬರು.

"ಸಿಕ್ತು ಸಾರ್. ಒಬ್ಬ ವ್ಯಕ್ತಿ ಹತ್ತದೇ ಇರೋದರಿಂದ ಉಳಿದವರೂ ಹತ್ತುತ್ತಿಲ್ಲ."

"ಯಾರು ಆ ವ್ಯಕ್ತಿ?"

"ಅದು ಹೇಳೋ ಹಾಗಿಲ್ಲ ಸಾರ್. ಗುಟ್ಟಾಗಿಡ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಯಾರಿಗೆ ಕೊಟ್ಟಿದ್ದೀರಿ?"

ಟಪಾಲಪ್ಪ ಅಂಗಿಯ ಮೇಲಿನ ಗುಂಡಿ ಮುಟ್ಟಿಕೊಂಡ. "ನನಗೇ ಸಾರ್."

ಹೆಸರಿಲ್ಲದ ಕಾರಣ ಸಾಹೇಬರಿಗೆ ಕಾರಣವೆನಿಸಲಿಲ್ಲ. ಅವರು ಸ್ಪ್ಯಾನರಿನವನ ಕಡೆ ತಿರುಗಿದರು. "ಕೆಲಸ ಶುರು ಮಾಡಿ."

ಅಷ್ಟರಲ್ಲಿ ಮೆಟ್ಟಿಲ ನಡುವಿನ ಸಂದಿಯಿಂದ ಹೆಡ್‌ಮಿಸ್ಸಿನ ದನಿ ಇಳಿದು ಬಂತು. ತರಗತಿಯ ಕೊನೆಯ ಬೆಂಚನ್ನು ಮುಟ್ಟುತ್ತಿದ್ದ ದನಿ ಅದು. "ಟಪಾಲಪ್ಪ, ಮೇಲೆ ಬಾ. ನನ್ನನ್ನ ಕೆಳಗೆ ಇಳಿಸು."

ಟಪಾಲಪ್ಪ ಓಡುತ್ತ ಮೆಟ್ಟಿಲು ಹತ್ತಿದ. ಸಾಹೇಬರ ಮುಂದೆ ನಿಲ್ಲುವುದು ತಪ್ಪಿತಲ್ಲ ಎಂಬ ಖುಷಿಯಲ್ಲಿ, ಇಳಿಸು ಎಂದರೆ ಯಾವುದರಲ್ಲಿ ಎಂಬುದು ಅವನಿಗೆ ಹೊಳೆದದ್ದು ಮೇಲೆ ತಲುಪಿದಾಗಲೇ. ಹೆಡ್‌ಮಿಸ್ಸು ಊರುಗೋಲು ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಗುಂಡಿ ಒತ್ತಿ ಆಗಿತ್ತು. ಬಾಗಿಲು ತೆರೆದೇ ಇತ್ತು.

"ಮೇಡಂ, ನಿಮ್ಮನ್ನ ಬೇಕಾದ್ರೆ ಹೊತ್ಕೊಂಡು ಇಳಿಸ್ತೀನಿ," ಎಂದ ಟಪಾಲಪ್ಪ.

"ನಿನ್ನ ಕೈಲಿ ನಿನ್ನನ್ನೇ ಹೊರೋಕಾಗಲ್ಲ. ನಡಿ. ಇವತ್ತು ಇದನ್ನ ಬಿಚ್ಚಿದ್ರೆ ನಾನು ಆ ಮನೆಯಿಂದ ಹೊರಗೆ ಬರೋದು ನಿನ್ನ ಭಾವಮೈದ ಮಾಡೋ ಪೆಟ್ಟಿಗೆಯಲ್ಲೇ."

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಅವನು ಕಣ್ಣು ಮುಚ್ಚಿ, ಗೋಡೆಯ ಕಂಬಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಕಂಬಿಯೆಂದು ಅವನು ಅಪ್ಪಿಕೊಂಡದ್ದರಲ್ಲಿ ಅರ್ಧ ಹೆಡ್‌ಮಿಸ್ಸಿನ ತೋಳಾಗಿತ್ತು; ಅವರ ತೋಳೂ ನಡುಗುತ್ತಿದ್ದುದು ಆಗಲೇ ಅವನಿಗೆ ತಿಳಿದದ್ದು.

ಲಿಫ್ಟು ಎರಡು ಅಂತಸ್ತು ಇಳಿದು, ಒಮ್ಮೆ ಜಗ್ಗಿ, ನಿಂತಿತು. ದೀಪ ಮಂಕಾಯಿತು.

"ಏನಾಯ್ತಪ್ಪಾ?"

ಟಪಾಲಪ್ಪ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದ. ಇಲ್ಲೇ ಸಾಯುವುದು, ಅದೂ ಹೆಡ್‌ಮಿಸ್ಸಿನ ಜೊತೆ, ಎಂದು ಅವನಿಗೆ ಖಾತ್ರಿಯಾಗಿತ್ತು. ಆದರೂ ಆ ಮುದುಕಿಯ ತೋಳು ನಡುಗುವುದು ನಿಲ್ಲಬೇಕಲ್ಲ, ಏನಾದರೂ ಮಾತಾಡಿಸಬೇಕಲ್ಲ.

"ಮೇಡಂ," ಎಂದ ಹೇಗೋ. "ಕೆಳಗೆ ಹೋದ ಮೇಲೆ ಏನು ಮಾಡ್ತೀರಿ?"

ಅವರು ತಕ್ಷಣ ಉತ್ತರಿಸಲಿಲ್ಲ. ಟಪಾಲಪ್ಪ ಕಾದ. ಅವನಿಗೆ ಆಗ ಯಾವ ವಿಧಾನವೂ ನೆನಪಿರಲಿಲ್ಲ. ಉತ್ತರ ಬೇಕು ಅಂತಲೇ ಕಾದ.

"ನಮ್ಮ ಬೀದಿ ಮೂಲೇಲಿ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಹೂವಿನ ಅಂಗಡಿ ಇಟ್ಟಿದ್ದಾಳಂತೆ," ಎಂದರು. "ಬಕೆಟ್ಟಿನಲ್ಲಿ ಒಂದೊಂದ್ಸಲ ಹೂ ಬರುತ್ತೆ. ಕಳಿಸಿದ್ದು ಯಾರು ಅಂತ ಹೇಳಿರಲ್ಲ. ಮೇಲಿಂದ ನೋಡಿದ್ರೆ ಅವಳ ತಲೆ ಮಾತ್ರ ಕಾಣುತ್ತೆ. ತುಂಬಾ ಮಾತಾಡೋ ಹುಡುಗಿ, ದಿನಾ ಹೊರಗೆ ನಿಲ್ಲಿಸ್ತಿದ್ದೆ. ಮುಖ ಈಗ ಹೇಗಾಗಿದೆಯೋ ನೋಡ್ಬೇಕು."

"ಹೊರಗೆ ನಿಲ್ಲಿಸಿದ್ರೂ ಹೂ ಕಳಿಸ್ತಾರಾ?"

"ಅದೇ ನನಗೂ ಅರ್ಥ ಆಗಿಲ್ಲಪ್ಪಾ. ಕೇಳೋಣ ಅಂತ."

ಲಿಫ್ಟು ಜಗ್ಗಿ ಮತ್ತೆ ಇಳಿಯತೊಡಗಿತು. ಸಾಹೇಬರ ಮಾತಿನಂತೆ ಸ್ಪ್ಯಾನರಿನವನು ಮೇನು ಸ್ವಿಚ್ಚು ಇಳಿಸಿದ್ದನೆಂದೂ, ದರ್ಜಿ ಅವನ ಕೈ ಹಿಡಿದೆಳೆದು ಮತ್ತೆ ಏರಿಸಿದನೆಂದೂ ಆಮೇಲೆ ತಿಳಿಯಿತು.

ಕೆಳಗೆ ಬಾಗಿಲು ತೆರೆಯಿತು. ಇಡೀ ಕಟ್ಟಡ ಬಾಯಿ ಬಿಟ್ಟುಕೊಂಡು ನಿಂತಿತ್ತು. ಹೆಡ್‌ಮಿಸ್ಸು ಯಾರನ್ನೂ ನೋಡದೆ ಊರುಗೋಲು ಊರುತ್ತ ಹೊರಬಾಗಿಲವರೆಗೆ ಹೋಗಿ ನಿಂತರು. ತಾವು ಬರಿಗಾಲಿನಲ್ಲಿ ಬಂದಿರುವುದು ಅವರಿಗೆ ಗೊತ್ತಾದದ್ದು ಬೀದಿಯ ಬಿಸಿ ಕಲ್ಲಿಗೆ ಪಾದ ತಾಗಿದಾಗ. ಇಷ್ಟು ದಿನ ಚಪ್ಪಲಿಯ ಅಗತ್ಯವೇ ಬಿದ್ದಿರಲಿಲ್ಲ. ಟಪಾಲಪ್ಪ ತನ್ನ ಚಪ್ಪಲಿ ಬಿಚ್ಚಿ ಅವರ ಕಾಲ ಬಳಿ ಇಟ್ಟ. ಅವರು ಅದರೊಳಗೆ ಪಾದ ತೂರಿಸಿ, ಪಟ್ ಪಟ್ ಎಂದು ಸದ್ದು ಮಾಡುತ್ತ ಬೀದಿಯ ಮೂಲೆಯತ್ತ ನಡೆದರು.

ಸಾಹೇಬರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಬಿಚ್ಚೋದು ಬೇಡ," ಎಂದರು ಸ್ಪ್ಯಾನರಿನವನಿಗೆ. ಟಪಾಲಪ್ಪನಿಗೆ ಏನೂ ಹೇಳಲಿಲ್ಲ. ಏನಾದರೂ ಹೇಳಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ.

ಈಗ ಅವನು ಮನೆಗೆ ಹೋಗಬೇಕಿತ್ತು. ಎಡಕ್ಕೆ ಮೆಟ್ಟಿಲು, ಬಲಕ್ಕೆ ಲಿಫ್ಟು. ಎಲ್ಲರೂ ಅವನ ಬರಿಗಾಲನ್ನೇ ನೋಡುತ್ತಿದ್ದರು, ಅವು ಯಾವ ಕಡೆ ತಿರುಗುತ್ತವೆ ಎಂದು. ಹೆಂಡತಿ ಅಣ್ಣನ ತೋಳು ಹಿಡಿದುಕೊಂಡಿದ್ದಳು. ಟಪಾಲಪ್ಪ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟ. ನಿಂತ. ಆಮೇಲೆ ತಿರುಗಿ, ಕಣ್ಣು ಮುಚ್ಚಿಕೊಂಡೇ, ಲಿಫ್ಟಿನೊಳಗೆ ಹೋಗಿ ಕಂಬಿ ಹಿಡಿದು ನಿಂತ. ಗುಂಡಿ ಒತ್ತಲು ಕೈ ಬಿಡಬೇಕಾಗಿತ್ತು. ಕೈ ಬಿಡುವುದು ಅವನಿಂದ ಆಗಲಿಲ್ಲ.

ಬಾಗಿಲು ಮುಚ್ಚಿಕೊಳ್ಳುವ ಮುನ್ನ ಯಾರೋ ಪಕ್ಕಕ್ಕೆ ಬಂದು ನಿಂತಂತಾಯಿತು. ಒಂದು ಕಣ್ಣು ತೆರೆದು ನೋಡಿದ. ದರ್ಜಿ. ಕುತ್ತಿಗೆಯಲ್ಲಿ ಅಳತೆಯ ಪಟ್ಟಿ, ಹಣೆಯಲ್ಲಿ ಬೆವರು.

"ನಿಮ್ಮ ಅಂಗಡಿ ಕೆಳಗೇ ಇದೆಯಲ್ಲ. ನೀವೆಲ್ಲಿಗೆ?" ಎಂದ ಟಪಾಲಪ್ಪ.

"ಎಲ್ಲಿಗೂ ಇಲ್ಲ ಸಾರ್," ಎಂದ ದರ್ಜಿ, ಕಂಬಿಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತ. "ಗುಂಡಿ ಒತ್ತೋಕೆ ಬಂದೆ."